ಅಯಸ್ಕಾಂತಕ್ಕೆ ಅಂಟದ ಕಾರ್ಬನ್ನಿನಲ್ಲಿ ಸ್ಪಿನ್ ಸಾಗುವುದು ಹೇಗೆ?

ಪ್ರಶ್ನೆ: ಗ್ರ್ಯಾಫೀನ್‌ನಲ್ಲಿ ಕಾಂತತ್ವ ಕಂಡಿದೆ, ಬೆಂಗಳೂರಿನಲ್ಲೂ ಅದರ ಮೇಲೆ ಕೆಲಸ ನಡೆದಿದೆ ಎಂದು ಓದಿದೆ. ನಮ್ಮ ಕಡೆ ಹಳ್ಳದ ಮರಳಿನಲ್ಲಿ ಅಯಸ್ಕಾಂತ ಎಳೆದರೆ ಕಪ್ಪು ಪುಡಿ ಮೆತ್ತಿಕೊಳ್ಳುತ್ತದೆ. ಅದೇ ಅಯಸ್ಕಾಂತವನ್ನು ಪೆನ್ಸಿಲ್ ಕಡ್ಡಿಯ ಹತ್ತಿರ ಹಿಡಿದರೆ ಏನೂ ಆಗುವುದಿಲ್ಲ. ಪೆನ್ಸಿಲ್ ಕಡ್ಡಿಯಲ್ಲಿ ಇರುವುದೂ ಗ್ರ್ಯಾಫೀನ್ ಪದರಗಳೇ ಅಲ್ಲವೇ? ಎಲೆಕ್ಟ್ರಾನಿನ ಸ್ಪಿನ್ ಸಾಗಿಸುವುದು ಅಂದರೇನು? ನರಸಾಪುರದಲ್ಲಿ ತಯಾರಾಗುವ ಫೋನುಗಳಿಗೆ ಇದು ಬರುತ್ತದೆಯೇ?
(ದ್ವಿತೀಯ ಪಿಯು ವಿದ್ಯಾರ್ಥಿನಿ, ಶ್ರೀನಿವಾಸಪುರ)

ಉತ್ತರ: ಮೊದಲು ನಿಮ್ಮ ಕಪ್ಪು ಪುಡಿಯ ವಿಚಾರ ಮುಗಿಸೋಣ, ಯಾಕೆಂದರೆ ಮುಂದೆ ಅದು ವಿಜ್ಞಾನಿಗಳನ್ನೂ ಕಾಡಲಿದೆ. ಅದರಲ್ಲಿ ಹೆಚ್ಚಿನದು ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಒಂದು ಆಕ್ಸೈಡ್. ಬಂಡೆ ಸವೆದು ಮಣ್ಣಾದಾಗ ಹಗುರವಾದ ಕಣಗಳು ನೀರಿನೊಡನೆ ಹೋಗಿಬಿಡುತ್ತವೆ, ಭಾರದ ಈ ಕಣಗಳು ಹಳ್ಳದಲ್ಲೇ ಉಳಿಯುತ್ತವೆ. ಚಿನ್ನಕ್ಕೆ ಹೆಸರಾದ ಕೋಲಾರ ಶಿಸ್ಟ್ ಪಟ್ಟಿಯಲ್ಲಿ ಕಬ್ಬಿಣ ತುಂಬಿದ ಕ್ವಾರ್ಟ್ಜೈಟ್ ಇದೆ, ಗ್ರ್ಯಾಫೈಟ್ ಬೆರೆತ ಶಿಸ್ಟ್ ಕೂಡ ಇದೆ. ಅಯಸ್ಕಾಂತಕ್ಕೆ ಓಡಿ ಬರುವ ಕಬ್ಬಿಣ, ಅದಕ್ಕೆ ಸೊಪ್ಪು ಹಾಕದ ಕಾರ್ಬನ್ನು, ಎರಡೂ ನಿಮ್ಮ ಜಿಲ್ಲೆಯ ನೆಲದೊಳಗೆ ಅಕ್ಕಪಕ್ಕದಲ್ಲೇ ಇವೆ.

ಪೆನ್ಸಿಲ್ ಕಡ್ಡಿ ಜೇಡಿಮಣ್ಣು ಬೆರೆಸಿದ ಗ್ರ್ಯಾಫೈಟ್. ಗ್ರ್ಯಾಫೈಟ್ ಅಂದರೆ ಒಂದರ ಮೇಲೊಂದು ಕೂತ ಗ್ರ್ಯಾಫೀನ್ ಹಾಳೆಗಳು. ಎರಡು ಹಾಳೆಗಳ ನಡುವಿನ ಅಂತರ 0.335 ನ್ಯಾನೋಮೀಟರ್, ಹಾಗಾಗಿ ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಹಾಳೆಗಳು. ಅದರಲ್ಲಿ ಒಂದೇ ಒಂದನ್ನು ಅಂಟುಟೇಪಿನಿಂದ ಬಿಡಿಸಿ ತೆಗೆದು ಅಳೆದವರು ಮ್ಯಾಂಚೆಸ್ಟರ್‌ನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್. ಅದು 2004ರಲ್ಲಿ. 2010ರಲ್ಲಿ ನೊಬೆಲ್ ಬಂತು. ಈ ಕಥೆ ನಿಮಗೆ ಗೊತ್ತಿರುತ್ತದೆ, ಬಿಡಿ.

"ಏನೂ ಆಗುವುದಿಲ್ಲ" ಎಂದು ಬರೆದಿದ್ದೀರಲ್ಲ, ಅದನ್ನು ಸ್ವಲ್ಪ ತಿದ್ದಬೇಕು. ಆಗುತ್ತದೆ, ಆದರೆ ತಿರುಗುಮುರುಗಾಗಿ. ಗ್ರ್ಯಾಫೈಟ್ ಡಯಾಕಾಂತೀಯ ವಸ್ತು, ಕಾಂತಕ್ಷೇತ್ರದಿಂದ ದೂರ ಸರಿಯುತ್ತದೆ. ಒತ್ತಿದರೆ ಮುಂದೆ ಬರುವ ಪೆನ್ಸಿಲ್ಲಿನ 0.5 ಮಿ.ಮೀ. ಕಡ್ಡಿಯೊಂದನ್ನು ನೂಲಿನಲ್ಲಿ ಅಡ್ಡಡ್ಡ ತೂಗುಹಾಕಿ, ಗಾಳಿ ಆಡದ ಕಡೆ, ಅದರ ತುದಿಗೆ ನಿಯೋಡಿಮಿಯಂ ಅಯಸ್ಕಾಂತವನ್ನು ನಿಧಾನವಾಗಿ ತಂದು ನೋಡಿ. ಕೆಟ್ಟುಹೋದ ಹಾರ್ಡ್ ಡಿಸ್ಕಿನಲ್ಲಿ ಅಂಥ ಅಯಸ್ಕಾಂತ ಸಿಗುತ್ತದೆ. ಕಡ್ಡಿ ಮೆಲ್ಲಗೆ ಹಿಂದೆ ಸರಿಯಬೇಕು. ಅಕಸ್ಮಾತ್ ಅದು ಅಯಸ್ಕಾಂತದ ಕಡೆಗೇ ಬಂದರೆ ಹೊಸ ಕಾಂತತ್ವ ಕಂಡುಹಿಡಿದೆ ಎಂದು ಸಂಭ್ರಮಪಡಬೇಡಿ. ಕಡ್ಡಿಯಲ್ಲಿ ಕಬ್ಬಿಣದ ಕಲಬೆರಕೆ ಇತ್ತೇ, ನಿಮ್ಮ ಕೈಗೆ ಹಳ್ಳದ ಮರಳು ಮೆತ್ತಿತ್ತೇ ಎಂದು ಮೊದಲು ಅನುಮಾನಪಡಿ.

ಗ್ರ್ಯಾಫೈಟಿನ ಈ ಗುಣವನ್ನು ಜಾಗರೂಕತೆಯಿಂದ ಅಳೆದವರಲ್ಲಿ ನಮ್ಮವರೂ ಮುಂಚೂಣಿಯಲ್ಲಿದ್ದರು. ರಾಮನ್ ಪರಿಣಾಮದ ಶೋಧದಲ್ಲಿ ಸಿ.ವಿ. ರಾಮನ್ ಅವರಿಗೆ ಜೊತೆಯಾಗಿದ್ದ ಕೆ.ಎಸ್. ಕೃಷ್ಣನ್ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಗ್ರ್ಯಾಫೈಟ್ ಹರಳುಗಳನ್ನು ತೂಗುಹಾಕಿ ಅಳೆಯುತ್ತಿದ್ದರು. ಎನ್. ಗಂಗೂಲಿ ಅವರೊಂದಿಗೆ ಕೃಷ್ಣನ್ ತೋರಿಸಿದ್ದು ಇದು: ಹಾಳೆಗಳಿಗೆ ಲಂಬವಾಗಿ ಕಾಂತಕ್ಷೇತ್ರ ಕೊಟ್ಟರೆ ಗ್ರ್ಯಾಫೈಟ್ ತೋರುವ ಡಯಾಕಾಂತೀಯ ವಿರೋಧ, ಹಾಳೆಗಳ ಉದ್ದಕ್ಕೆ ಕೊಟ್ಟಾಗಿನದಕ್ಕಿಂತ ಸುಮಾರು 40 ಪಟ್ಟು ಹೆಚ್ಚು. ಎಲೆಕ್ಟ್ರಾನುಗಳು ಹಾಳೆಯೊಳಗೆ ಸಲೀಸಾಗಿ ಓಡಾಡುತ್ತವೆ, ಹಾಳೆಯಿಂದ ಹಾಳೆಗೆ ಹಾರುವುದು ಅವಕ್ಕೆ ಕಷ್ಟ. ಗ್ರ್ಯಾಫೀನ್ ಎಂಬ ಹೆಸರೇ ಇಲ್ಲದ ಕಾಲದಲ್ಲಿ ಅದರ ಎಲೆಕ್ಟ್ರಾನುಗಳ ನಡತೆಯನ್ನು ಇವರು ಹೀಗೆ ಹಿಡಿದಿದ್ದರು. ಗ್ರ್ಯಾಫೀನ್ ಪುಸ್ತಕಗಳು ಈ ಕೆಲಸವನ್ನು ನೆನೆಯುವುದು ಕಡಿಮೆ. ನೆನೆಯಬೇಕಿತ್ತು.

ಈಗ ಸ್ಪಿನ್. ಈ ಗುಣದಿಂದಾಗಿ ಪ್ರತಿ ಎಲೆಕ್ಟ್ರಾನೂ ಒಂದು ಪುಟ್ಟ ಅಯಸ್ಕಾಂತ, ಅದರ ಮುಖ ಅಳೆದರೆ ಎರಡೇ ಉತ್ತರ ಬರುತ್ತದೆ: ಮೇಲ್ಮುಖ ಅಥವಾ ಕೆಳಮುಖ. ಕಬ್ಬಿಣ, ಕೋಬಾಲ್ಟ್‌ಗಳಲ್ಲಿ ಒಂದು ಮುಖದವು ಹೆಚ್ಚು, ಇನ್ನೊಂದು ಮುಖದವು ಕಡಿಮೆ. ಆ ಹೆಚ್ಚುವರಿಯೇ ಅಯಸ್ಕಾಂತ. ಗ್ರ್ಯಾಫೀನ್‌ನಲ್ಲಿ ಪ್ರತಿ ಕಾರ್ಬನ್ ತನ್ನ ನಾಲ್ಕು ಹೊರ ಎಲೆಕ್ಟ್ರಾನುಗಳಲ್ಲಿ ಮೂರನ್ನು ಪಕ್ಕದ ಮೂರು ಕಾರ್ಬನ್‌ಗಳ ಜೊತೆ ಬಂಧಕ್ಕೆ ಕೊಟ್ಟಿರುತ್ತದೆ. ನಾಲ್ಕನೆಯದು ಇಡೀ ಹಾಳೆಯಲ್ಲಿ ಅಲೆಯುತ್ತದೆ. ಆದರೆ ಅಲೆಯುವ ಈ ಎಲೆಕ್ಟ್ರಾನುಗಳೂ ಮೇಲ್ಮುಖ, ಕೆಳಮುಖ ಎಂದು ಸರಿಸಮವಾಗಿ ಜೋಡಿಯಾಗಿರುತ್ತವೆ. ಲೆಕ್ಕ ಚುಕ್ತಾ, ಅಯಸ್ಕಾಂತ ಇಲ್ಲ.

ಲೆಕ್ಕ ತಪ್ಪಿಸುವ ದಾರಿ ಉಂಟು. ಗ್ರ್ಯಾಫೀನ್‌ನ ಷಟ್ಕೋನ ಜಾಲವನ್ನು ಗಮನಿಸಿದರೆ ಅದರಲ್ಲಿ ಎರಡು ಗುಂಪಿನ ಪರಮಾಣುಗಳಿವೆ. 'ಎ' ಗುಂಪಿನ ಪ್ರತಿ ಪರಮಾಣುವಿನ ಮೂರು ನೆರೆಯವೂ 'ಬಿ' ಗುಂಪಿನವು, 'ಬಿ'ಯ ನೆರೆಯವೆಲ್ಲ 'ಎ'. ಎರಡೂ ಗುಂಪಿನ ಸಂಖ್ಯೆ ಸಮ. ಒಂದು 'ಎ' ಪರಮಾಣುವನ್ನು ಕಿತ್ತು ಹಾಕಿದರೆ, ಇಲ್ಲವೇ ಅದರ ಮೇಲೆ ಒಂದು ಹೈಡ್ರೋಜನ್ ಕೂರಿಸಿ ಅದರ ಅಲೆಮಾರಿ ಎಲೆಕ್ಟ್ರಾನನ್ನು ಕಟ್ಟಿಹಾಕಿದರೆ, 'ಬಿ' ಕಡೆಯಲ್ಲಿ ಒಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಉಳಿಯುತ್ತದೆ. ಅದರ ಸ್ಪಿನ್‌ಗೆ ಎದುರಾಳಿ ಇಲ್ಲ. ಹೀಗೆ ಅಯಸ್ಕಾಂತವಲ್ಲದ ಎರಡು ಧಾತುಗಳು, ಕಾರ್ಬನ್ ಮತ್ತು ಹೈಡ್ರೋಜನ್, ಸೇರಿ ಒಂದು ಕಾಂತ ಬಿಂದು ಹುಟ್ಟುತ್ತದೆ. ಮ್ಯಾಡ್ರಿಡ್‌ನ ತಂಡವೊಂದು 2016ರಲ್ಲಿ ಇದನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಸುರಂಗ ಸೂಕ್ಷ್ಮದರ್ಶಕದ ಮೊನೆಯಿಂದ ಒಂದೊಂದೇ ಹೈಡ್ರೋಜನ್ ಪರಮಾಣುವನ್ನು ಬೇಕಾದಲ್ಲಿಗೆ ಸರಿಸಿ, ಎರಡೂ ಒಂದೇ ಗುಂಪಿನ ಮೇಲಿದ್ದರೆ ಕಾಂತತ್ವ ಉಳಿಯುತ್ತದೆ, ಬೇರೆ ಬೇರೆ ಗುಂಪಿನ ಮೇಲೆ ಹತ್ತಿರ ಹತ್ತಿರ ಇದ್ದರೆ ಮಾಯವಾಗುತ್ತದೆ ಎಂದು ಅವರು ತೋರಿಸಿದರು.

ಒಂದೆರಡು ಕಾಂತ ಬಿಂದುಗಳಿದ್ದ ಮಾತ್ರಕ್ಕೆ ವಸ್ತು ಅಯಸ್ಕಾಂತವಾಗುವುದಿಲ್ಲ. ಅವೆಲ್ಲ ಒಂದೇ ದಿಕ್ಕಿಗೆ ನಿಂತು, ಹೊರಗಿನ ಕಾಂತಕ್ಷೇತ್ರ ತೆಗೆದ ಮೇಲೂ ಹಾಗೇ ಉಳಿದರೆ ಮಾತ್ರ ಫೆರೋಕಾಂತೀಯ ಎನ್ನುತ್ತೇವೆ. ನೀವು ಓದಿದ ಬೆಂಗಳೂರಿನ ಸುದ್ದಿಗೆ ಇಲ್ಲಿ ಬರುತ್ತೇವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ 2009ರಲ್ಲಿ ಮೂರು ಬಗೆಯಲ್ಲಿ ತಯಾರಿಸಿದ ಗ್ರ್ಯಾಫೀನ್ ಪುಡಿಗಳನ್ನು ಪರೀಕ್ಷಿಸಿತು: ಗ್ರ್ಯಾಫೈಟ್ ಆಕ್ಸೈಡನ್ನು ಪದರ ಬಿಡಿಸಿದ್ದು, ನ್ಯಾನೋ ವಜ್ರವನ್ನು ಕಾಯಿಸಿ ಪರಿವರ್ತಿಸಿದ್ದು, ಹೈಡ್ರೋಜನ್ ಅನಿಲದಲ್ಲಿ ಗ್ರ್ಯಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿ ಪಡೆದದ್ದು. ಮೂರರಲ್ಲೂ ಕೋಣೆಯ ತಾಪದಲ್ಲೇ ಕಾಂತ ಹಿಸ್ಟೆರಿಸಿಸ್, ಅಂದರೆ ಕ್ಷೇತ್ರ ತೆಗೆದರೂ ಸ್ವಲ್ಪ ಕಾಂತತ್ವ ಉಳಿಯುವ ಗುಣ, ಕಂಡಿತು. ಫೆರೋಕಾಂತೀಯ ಲಕ್ಷಣದ ಜೊತೆಗೆ ಅದಕ್ಕೆ ವಿರುದ್ಧವಾದ ಆ್ಯಂಟಿಫೆರೋಕಾಂತೀಯ ಲಕ್ಷಣವೂ ಬೆರೆತಿದೆ ಎಂದು ಅವರು ಬರೆದರು.

ಮರುವರ್ಷವೇ ಮ್ಯಾಂಚೆಸ್ಟರ್‌ನಿಂದ ಬೇರೆ ಮಾತು ಬಂತು. ಗೈಮ್ ಮತ್ತು ಐರಿನಾ ಗ್ರಿಗೊರಿಯೇವಾ ಅವರ ತಂಡ ಗ್ರ್ಯಾಫೈಟ್ ಹರಳಿನಿಂದ ದ್ರವದಲ್ಲಿ ಬಿಡಿಸಿದ ಗ್ರ್ಯಾಫೀನ್ ಚೂರುಗಳನ್ನು 2 ಕೆಲ್ವಿನ್‌ವರೆಗೆ ತಣಿಸಿ ನೋಡಿದರೂ ಫೆರೋಕಾಂತೀಯ ಗುಣ ಸಿಗಲಿಲ್ಲ. ಸಿಕ್ಕಿದ್ದು ಜೋರಾದ ಡಯಾಕಾಂತೀಯ ಗುಣ, ಅದರ ಮೇಲೆ ಸ್ವಲ್ಪ ಪ್ಯಾರಾಕಾಂತೀಯ ಗುಣ. ಇದೇ ಜನ 2012ರಲ್ಲಿ ಇನ್ನೊಂದು ಕೆಲಸ ಮಾಡಿದರು, ನನಗೆ ಅದು ಮೊದಲಿನದಕ್ಕಿಂತ ಇಷ್ಟ. ಪ್ರಯೋಗಾಲಯಗಳು ದುಡ್ಡು ಕೊಟ್ಟು ಕೊಳ್ಳುವ ಅತಿ ಶುದ್ಧವೆಂಬ ಗ್ರ್ಯಾಫೈಟನ್ನೇ ಸೂಕ್ಷ್ಮದರ್ಶಕದಲ್ಲಿ ಶೋಧಿಸಿದಾಗ ಒಳಗೆ ಮೈಕ್ರಾನ್ ಗಾತ್ರದ ಕಬ್ಬಿಣಯುಕ್ತ ಕಾಂತ ಕಣಗಳು ಸಿಕ್ಕವು. ಅಲ್ಲಿವರೆಗೆ ಗ್ರ್ಯಾಫೈಟಿನದೇ ಎಂದು ಹಲವರು ನಂಬಿದ್ದ ಕಾಂತತ್ವದ ಒಂದು ಪಾಲು ಈ ಕಣಗಳದ್ದಾಗಿತ್ತು. ಅದಕ್ಕೂ ಮುಂಚೆ, 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದ್ದ ಕಾರ್ಬನ್ ಅಯಸ್ಕಾಂತದ ಪ್ರಬಂಧವೊಂದನ್ನು 2006ರಲ್ಲಿ ಹಿಂತೆಗೆದುಕೊಳ್ಳಲಾಗಿತ್ತು. ಅಲ್ಲೂ ಕಬ್ಬಿಣದ ಕಲಬೆರಕೆಯದ್ದೇ ಗಲಾಟೆ. ನಿಮ್ಮ ಹಳ್ಳದ ಕಪ್ಪು ಪುಡಿ ಕಾಡಲಿದೆ ಎಂದದ್ದು ಇದಕ್ಕೇ. ಸ್ಟೀಲ್ ಚಿಮುಟದ ತುದಿಯಿಂದ ಉದುರಿದ ಚೂರು ಸಾಕು, ಕಾರ್ಬನ್‌ನ ಅತಿ ಮೆಲ್ಲನೆಯ ಕಾಂತತ್ವವನ್ನು ಅದು ಮುಳುಗಿಸಿಬಿಡುತ್ತದೆ.

ಹಾಗಾದರೆ ಜಕ್ಕೂರಿನದು ತಪ್ಪೇ? ಹಾಗೆ ಹೇಳಲು ಬರುವುದಿಲ್ಲ. ಅವರ ಪುಡಿಗಳಲ್ಲಿ ಅಂಚುಗಳು, ಕಾಣೆಯಾದ ಪರಮಾಣುಗಳು, ಅಂಟಿಕೊಂಡ ಗುಂಪುಗಳು ಹೇರಳ. ಮ್ಯಾಂಚೆಸ್ಟರಿನ ಚೂರುಗಳು ಬೇರೆ ರೀತಿಯವು. ಎರಡಕ್ಕೂ ಗ್ರ್ಯಾಫೀನ್ ಎಂದೇ ಹೆಸರಿದ್ದರೂ ವಸ್ತು ಒಂದೇ ಅಲ್ಲ. ನನ್ನ ಅಭಿಪ್ರಾಯ ಇಷ್ಟೇ: ಪುಡಿಯನ್ನು ಒಟ್ಟಾರೆ ತೂಗಿ ಕಾಂತತ್ವ ಅಳೆಯುವ ವಿಧಾನದಿಂದ ಈ ಜಗಳ ಬಗೆಹರಿಯುವುದಿಲ್ಲ. ಎಲ್ಲೋ ಮೂಲೆಯಲ್ಲಿ ಕೂತ ಕಬ್ಬಿಣದ ಕಣಕ್ಕೂ ಹಾಳೆಯ ಮೇಲಿನ ಕಾಂತ ಬಿಂದುವಿಗೂ ಆ ತೂಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಾಳೆಯಲ್ಲಿ ಓಡುವ ಎಲೆಕ್ಟ್ರಾನನ್ನೇ ಸಾಕ್ಷಿಗೆ ಕರೆಯಬೇಕು. ನಿಮ್ಮ ಎರಡನೆಯ ಪ್ರಶ್ನೆ ಇಲ್ಲಿ ಸೇರಿಕೊಳ್ಳುತ್ತದೆ.

ಸಾಮಾನ್ಯ ತಂತಿಯಲ್ಲಿ ಎಲೆಕ್ಟ್ರಾನುಗಳ ಆವೇಶ ಹರಿಯುತ್ತದೆ, ಅವುಗಳ ಸ್ಪಿನ್ ಯಾವ ಕಡೆ ಇದ್ದರೂ ಯಾರೂ ಕೇಳುವುದಿಲ್ಲ. ಸ್ಪಿನ್ ಸಾಗಣೆಯಲ್ಲಿ ಒಂದೇ ಮುಖದ ಸ್ಪಿನ್‌ಗಳನ್ನು ಹೆಚ್ಚಾಗಿ ಒಳಗೆ ಬಿಟ್ಟು, ಇನ್ನೊಂದು ತುದಿಗೆ ಎಷ್ಟು ಉಳಿದು ಬಂದವು ಎಂದು ನೋಡುತ್ತಾರೆ. ದಾರಿಯಲ್ಲಿ ಸ್ಪಿನ್ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಎಲೆಕ್ಟ್ರಾನಿನ ಓಟಕ್ಕೂ ಅದರ ಸ್ಪಿನ್ನಿಗೂ ಇರುವ ನಂಟು. ಇದು ಭಾರದ ಪರಮಾಣುಗಳಲ್ಲಿ ಜೋರು, ಪರಮಾಣು ಸಂಖ್ಯೆ ಬರೀ 6 ಇರುವ ಕಾರ್ಬನ್‌ನಲ್ಲಿ ತೀರಾ ಕ್ಷೀಣ. ಎರಡು, ಪರಮಾಣು ಬೀಜಗಳ ಸ್ಪಿನ್. ಪ್ರಕೃತಿಯಲ್ಲಿರುವ ಕಾರ್ಬನ್‌ನ ಸುಮಾರು 99 ಭಾಗ ಕಾರ್ಬನ್-12, ಅದರ ಬೀಜಕ್ಕೆ ಸ್ಪಿನ್ನೇ ಇಲ್ಲ. ಎರಡು ಕಾಟವೂ ಇಲ್ಲದ ದಾರಿ ಇದು. ಕಾರ್ಬನ್ ಅಯಸ್ಕಾಂತವಲ್ಲ ಎಂಬುದು ಇಲ್ಲಿ ಕೊರತೆಯಲ್ಲ, ಅದರ ಯೋಗ್ಯತೆ.

ಇದನ್ನು ಒಂಟಿ ಪದರದಲ್ಲಿ ಚೊಕ್ಕವಾಗಿ ತೋರಿಸಿದ್ದು ನೆದರ್‌ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಬಾರ್ಟ್ ವಾನ್ ವೀಸ್ ಅವರ ತಂಡ, 2007ರಲ್ಲಿ. ಗ್ರ್ಯಾಫೀನ್ ಮೇಲೆ ಸಾಲಾಗಿ ನಾಲ್ಕು ಕೋಬಾಲ್ಟ್ ಪಟ್ಟಿಗಳು. ಕೋಬಾಲ್ಟ್ ಅಯಸ್ಕಾಂತವಾದ್ದರಿಂದ ಅದರಿಂದ ಇಳಿಯುವ ಎಲೆಕ್ಟ್ರಾನುಗಳಲ್ಲಿ ಒಂದು ಮುಖದವು ಹೆಚ್ಚು. ಪಟ್ಟಿಯನ್ನು ನೇರವಾಗಿ ಗ್ರ್ಯಾಫೀನ್‌ಗೆ ತಾಗಿಸಿದರೆ ಇಳಿದ ಸ್ಪಿನ್ ಮರಳಿ ಲೋಹಕ್ಕೇ ಹೋಗಿ ಕೆಡುತ್ತದೆ. ಅದಕ್ಕೇ ನಡುವೆ ಒಂದು ನ್ಯಾನೋಮೀಟರಿನ ಆಸುಪಾಸಿನ ಅಲ್ಯೂಮಿನಿಯಂ ಆಕ್ಸೈಡ್ ಪರದೆ. ಜಾಣತನ ಇರುವುದು ಇನ್ನು ಮುಂದೆ. ವಿದ್ಯುತ್ತನ್ನು ಮೊದಲ ಎರಡು ಪಟ್ಟಿಗಳ ನಡುವೆ ಮಾತ್ರ ಹರಿಸುತ್ತಾರೆ, ಅಳೆಯುವುದು ಉಳಿದ ಎರಡರ ನಡುವೆ. ಅಲ್ಲಿಗೆ ಆವೇಶದ ಹರಿವು ಹೋಗುವುದೇ ಇಲ್ಲ, ಹಬ್ಬಿಕೊಂಡು ಹೋಗುವುದು ಸ್ಪಿನ್ ಮಾತ್ರ. ಅಲ್ಲಿ ವೋಲ್ಟೇಜ್ ಕಂಡರೆ ಅದು ಸ್ಪಿನ್ನಿನದೇ ಎನ್ನಲು ಧೈರ್ಯ ಬರುತ್ತದೆ.

ಗದ್ದಲ ತಲುಪದ ಜಾಗಕ್ಕೆ ಹೋಗಿ ಕಿವಿಗೊಡುವ ಈ ಉಪಾಯಕ್ಕೆ ನಿಮ್ಮ ಜಿಲ್ಲೆಯಲ್ಲೇ ದೊಡ್ಡ ನಿದರ್ಶನವಿದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. ಮೇಲಿನ ಬಂಡೆ ಉಳಿದ ಕಾಸ್ಮಿಕ್ ಕಣಗಳಲ್ಲಿ ಬಹುಪಾಲನ್ನು ತಡೆದು, ತಡೆಯಲಾಗದ ನ್ಯೂಟ್ರಿನೊವನ್ನು ಒಳಗೆ ಬಿಟ್ಟಿತ್ತು. ಗ್ರೋನಿಂಗನ್ನಿನವರಿಗೆ ಬೇಕಾದ ದೂರ ಕೆಲವೇ ಮೈಕ್ರಾನ್.

ಆಮೇಲೆ ಅವರು ಹಾಳೆಗೆ ಲಂಬವಾಗಿ ಸಣ್ಣ ಕಾಂತಕ್ಷೇತ್ರ ಕೊಟ್ಟರು. ಸಾಗುತ್ತಿರುವ ಸ್ಪಿನ್ ಆಗ ವಾಲಿದ ಬುಗುರಿಯ ಹಾಗೆ ತಿರುಗುತ್ತ ಹೋಗುತ್ತದೆ, ತಲುಪುವ ಹೊತ್ತಿಗೆ ಅದರ ಮುಖ ಬೇರೆ ಕಡೆ ಇರುತ್ತದೆ. ಕ್ಷೇತ್ರ ಹೆಚ್ಚಿಸಿದಂತೆ ವೋಲ್ಟೇಜ್ ಇಳಿಯಿತು, ಸೊನ್ನೆ ದಾಟಿ ತಿರುಗುಮುರುಗಾಯಿತು. ಇದಕ್ಕೆ ಹಾನ್ಲೆ ಪರೀಕ್ಷೆ ಎನ್ನುತ್ತಾರೆ, ಸ್ಪಿನ್ ನಿಜವಾಗಿ ಸಾಗಿತು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಕೋಣೆಯ ತಾಪದಲ್ಲೇ ಸ್ಪಿನ್ 1.5ರಿಂದ 2 ಮೈಕ್ರಾನ್ ದೂರ ಬಾಳಿತು.

ಸಂತೋಷದ ಜೊತೆಗೇ ಒಂದು ತಲೆನೋವೂ ಬಂತು. ಲೆಕ್ಕದ ಪ್ರಕಾರ ಗ್ರ್ಯಾಫೀನ್‌ನಲ್ಲಿ ಸ್ಪಿನ್ ಇದರ ಸಾವಿರಾರು ಪಟ್ಟು ಕಾಲ ಬದುಕಬೇಕಿತ್ತು. ಅಳೆದಾಗ ಸಿಕ್ಕಿದ್ದು ನೂರಿನ್ನೂರು ಪಿಕೋಸೆಕೆಂಡ್, ಅಂದರೆ ಸೆಕೆಂಡಿನ ಲಕ್ಷ ಕೋಟಿ ಭಾಗದ ನೂರಿನ್ನೂರು ಪಾಲು. ಅಷ್ಟು ಬೇಗ ಕೆಡಿಸುವವರು ಯಾರು? ಕೆಳಗಿನ ಸಿಲಿಕಾನ್ ಡೈಆಕ್ಸೈಡಿನ ಒರಟುತನವೇ, ಪಟ್ಟಿ ಕೂರಿಸಿದ ಜಾಗವೇ, ತಯಾರಿಕೆಯಲ್ಲಿ ಉಳಿದ ಪ್ಲಾಸ್ಟಿಕ್ ಅಂಟೇ ಎಂದು ವರ್ಷಗಟ್ಟಲೆ ಹುಡುಕಿದರು.

ಅಮೆರಿಕದ ರೋಲಂಡ್ ಕವಾಕಾಮಿ ಅವರ ತಂಡ 2012ರಲ್ಲಿ ಇದೇ ನಾಲ್ಕು ಪಟ್ಟಿಯ ಸಾಧನದ ಮೇಲೆ, ನಿರ್ವಾತದಲ್ಲಿ, ಬೇಕೆಂದೇ ಹೈಡ್ರೋಜನ್ ಪರಮಾಣುಗಳನ್ನು ಉದುರಿಸಿತು. ಕಾಂತಕ್ಷೇತ್ರ ಸೊನ್ನೆಯ ಹತ್ತಿರ ಬಂದಾಗಲೆಲ್ಲ ಸ್ಪಿನ್ ಸಂಕೇತದಲ್ಲಿ ಒಂದು ತಗ್ಗು ಕಾಣಿಸಿತು. ಹೈಡ್ರೋಜನ್ ಸುತ್ತ ಹುಟ್ಟಿದ ಕಾಂತ ಬಿಂದುಗಳು ಹಾದುಹೋಗುವ ಸ್ಪಿನ್‌ಗಳನ್ನು ಹಿಡಿದು ತಿರುಗಿಸುತ್ತಿದ್ದವು. ಕ್ಷೇತ್ರ ಹೆಚ್ಚಿದಾಗ ಆ ಬಿಂದುಗಳು ಒಂದೇ ಕಡೆ ಮುಖಮಾಡಿ ನಿಂತು, ತೊಂದರೆ ಕೊಡುವುದು ಕಡಿಮೆಯಾಗುತ್ತಿತ್ತು. ಗಮನಿಸಿ, ಇಲ್ಲಿ ಕಾಂತತ್ವಕ್ಕೆ ಸಾಕ್ಷಿ ಹೇಳಿದ್ದು ಹಾಳೆಯೊಳಗೆ ಓಡಿದ ಸ್ಪಿನ್. ಎಲ್ಲೋ ಮೂಲೆಯಲ್ಲಿ ಕೂತ ಕಬ್ಬಿಣದ ಪುಡಿ ಈ ಸಾಕ್ಷಿಯನ್ನು ಹೀಗೆ ತಿರುಚಲಾರದು. ಎರಡು ವರ್ಷದ ನಂತರ ಜರ್ಮನಿಯ ರೇಗನ್ಸ್‌ಬರ್ಗ್‌ನ ಯಾರೊಸ್ಲಾವ್ ಫಾಬಿಯನ್ ಮತ್ತು ಸಂಗಡಿಗರು ಲೆಕ್ಕ ಹಾಕಿ, ದಶಲಕ್ಷ ಕಾರ್ಬನ್‌ಗೆ ಒಂದರಷ್ಟು ಇಂಥ ಕಾಂತ ಬಿಂದುಗಳಿದ್ದರೂ ನೂರು ಪಿಕೋಸೆಕೆಂಡಿನ ಒಗಟು ಬಿಡಿಸಲು ಸಾಕು ಎಂದರು. ಎಲ್ಲ ಸಾಧನಗಳಿಗೂ ಇದೊಂದೇ ಕಾರಣ ಎಂದು ಎಲ್ಲರೂ ಒಪ್ಪಿಲ್ಲ. ಆದರೆ ನಿಮ್ಮ ಪ್ರಶ್ನೆಯ ಎರಡು ತುದಿ ಇಲ್ಲಿ ಗಂಟುಬೀಳುತ್ತವೆ. ಗ್ರ್ಯಾಫೀನ್‌ನಲ್ಲಿ ಕಾಂತತ್ವ ಹುಟ್ಟಿಸುವ ದೋಷವೇ ಅದರಲ್ಲಿ ಸ್ಪಿನ್ ಸಾಗಣೆಯನ್ನು ಕೆಡಿಸುತ್ತದೆ. ಒಂದೇ ಹಾಳೆ ಒಳ್ಳೆಯ ಅಯಸ್ಕಾಂತವೂ ಆಗಬೇಕು, ಸ್ಪಿನ್‌ಗೆ ಒಳ್ಳೆಯ ದಾರಿಯೂ ಆಗಬೇಕು ಎಂದರೆ ನಡೆಯುವುದಿಲ್ಲ.

ದಾರಿಯನ್ನು ಚೊಕ್ಕ ಮಾಡಿದವರಿಗೆ ಫಲ ಸಿಕ್ಕಿದೆ. ಗ್ರ್ಯಾಫೀನನ್ನು ಷಟ್ಕೋನ ಬೋರಾನ್ ನೈಟ್ರೈಡ್ ಎಂಬ ನುಣುಪಾದ ಹರಳಿನ ಜೊತೆ ಜೋಡಿಸಿ, ಕೊಳೆ ತಾಗದಂತೆ ನೋಡಿಕೊಂಡ ಜರ್ಮನಿಯ ಆಖನ್‌ನ ತಂಡ 2016ರಲ್ಲಿ 12 ನ್ಯಾನೋಸೆಕೆಂಡ್ ದಾಟಿದ ಸ್ಪಿನ್ ಆಯಸ್ಸನ್ನೂ ಸುಮಾರು 30 ಮೈಕ್ರಾನ್ ದೂರವನ್ನೂ ಕೋಣೆಯ ತಾಪದಲ್ಲೇ ಮುಟ್ಟಿತು. ಅಂದಹಾಗೆ, ಜಗತ್ತಿನ ಬಹುಪಾಲು ಪ್ರಯೋಗಾಲಯಗಳಿಗೆ ಈ ಬೋರಾನ್ ನೈಟ್ರೈಡ್ ಹರಳು ಬರುವುದು ಜಪಾನಿನ ತ್ಸುಕುಬಾದ ಇಬ್ಬರಿಂದ, ಕೆಂಜಿ ವಟಾನಬೆ ಮತ್ತು ತಕಾಶಿ ತಾನಿಗುಚಿ. ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಇವರ ಹೆಸರು ಕಂಡಷ್ಟು ಬೇರೆಯವರದು ಕಾಣುವುದು ಅಪರೂಪ.

ಬೆಂಗಳೂರಿನ ಈಚಿನ ಕೆಲಸ ಇನ್ನೊಂದು ಜಾಡು ಹಿಡಿದಿದೆ. ಎರಡು ಗ್ರ್ಯಾಫೀನ್ ಹಾಳೆಗಳನ್ನು ಸುಮಾರು 1.1 ಡಿಗ್ರಿ ತಿರುಚಿ ಒಂದರ ಮೇಲೊಂದು ಇಟ್ಟರೆ ಎಲೆಕ್ಟ್ರಾನುಗಳ ಓಟ ನಿಧಾನವಾಗಿ, ಅವು ಒಂದರ ಇರವನ್ನು ಇನ್ನೊಂದು ಜೋರಾಗಿ ಅನುಭವಿಸತೊಡಗುತ್ತವೆ. ಇದರಲ್ಲಿ 2018ರಲ್ಲಿ ಅತಿವಾಹಕತೆ ಸಿಕ್ಕಿತು, 2019ರಲ್ಲಿ ಸ್ಟ್ಯಾನ್‌ಫರ್ಡಿನವರಿಗೆ ಫೆರೋಕಾಂತೀಯ ಗುಣ ಸಿಕ್ಕಿತು, ಅದೂ ಬರೀ ಕೆಲವು ಕೆಲ್ವಿನ್ ಚಳಿಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಯು. ಚಾಂದ್ನಿ ಅವರ ತಂಡ ತಿರುಚಿದ ಈ ಜೋಡಿಯನ್ನು ಟಂಗ್‌ಸ್ಟನ್ ಡೈಸೆಲೆನೈಡ್ ಎಂಬ ಇನ್ನೊಂದು ತೆಳು ಹರಳಿಗೆ ತಾಗಿಸಿತು. ಟಂಗ್‌ಸ್ಟನ್ನಿನ ಪರಮಾಣು ಸಂಖ್ಯೆ 74, ಕಾರ್ಬನ್‌ಗೆ ಇಲ್ಲದ ಸ್ಪಿನ್ ಮತ್ತು ಓಟದ ನಂಟನ್ನು ಅದು ಪಕ್ಕದಲ್ಲಿ ಕೂತೇ ದಾಟಿಸುತ್ತದೆ. ಅವರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಸ್ತುವಿನೊಳಗೇ ಕಾಂತತ್ವ ಇದೆ ಎಂದು ಸೂಚಿಸುವ ಅಸಂಗತ ಹಾಲ್ ಪರಿಣಾಮ ಕಂಡಿತು. ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಒಂದು ಹಂತದ ಆಚೆಗೆ ಬದಲಿಸಿದಾಗ ಕಾಂತತ್ವ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ಈ ಕಾಂತತ್ವ ಸ್ಪಿನ್ನಿನದಲ್ಲ, ಎಲೆಕ್ಟ್ರಾನುಗಳು ಸುತ್ತು ಹಾಕುವುದರಿಂದ ಹುಟ್ಟಿದ್ದು ಎನ್ನುವುದಕ್ಕೆ ಅದೇ ಗುರುತು. ಇಲ್ಲಿ ಪರಮಾಣು ಕೀಳಬೇಕಿಲ್ಲ, ಹೈಡ್ರೋಜನ್ ಅಂಟಿಸಬೇಕಿಲ್ಲ. ದೋಷವಿಲ್ಲದೆ ಕಾರ್ಬನ್‌ನಲ್ಲಿ ಕಾಂತತ್ವ ಬೇಕೆನ್ನುವವರಿಗೆ ಇದೇ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ.

ಇನ್ನು ಫೋನು. ಸ್ಪಿನ್ ಆಗಲೇ ಗಣಕಗಳೊಳಗೆ ಬಂದಿದೆ, ಆದರೆ ಗ್ರ್ಯಾಫೀನ್ ಮೂಲಕ ಅಲ್ಲ. ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರ್ಯೂನ್‌ಬರ್ಗ್ ಬೇರೆ ಬೇರೆಯಾಗಿ 1988ರಲ್ಲಿ ಕಬ್ಬಿಣ ಮತ್ತು ಕ್ರೋಮಿಯಂನ ತೆಳು ಪದರಗಳಲ್ಲಿ ಕಂಡ, ಸ್ಪಿನ್ನನ್ನೇ ಆಧರಿಸಿದ ಪರಿಣಾಮ, 1997ರ ಹೊತ್ತಿಗೆ ಹಾರ್ಡ್ ಡಿಸ್ಕ್ ಓದುವ ಮೊನೆಯಾಗಿ ಅಂಗಡಿಗೆ ಬಂದಿತ್ತು. ಅವರಿಗೆ ನೊಬೆಲ್ ಬಂದದ್ದು 2007ರಲ್ಲಿ, ಗ್ರೋನಿಂಗನ್ನಿನ ಗ್ರ್ಯಾಫೀನ್ ಪ್ರಯೋಗ ಪ್ರಕಟವಾದ ವರ್ಷವೇ. ಅವರದು ಒಂಬತ್ತು ವರ್ಷದಲ್ಲಿ ಪೇಟೆ ಮುಟ್ಟಿತು, ಗ್ರ್ಯಾಫೀನ್ ಸ್ಪಿನ್ ಸಾಧನ ಇನ್ನೂ ಪ್ರಯೋಗಾಲಯ ದಾಟಿಲ್ಲ. ಕಾರಣಗಳು ಎರಡು. ಒಳ್ಳೆಯ ಸಾಧನಗಳನ್ನು ಈಗಲೂ ಸೂಕ್ಷ್ಮದರ್ಶಕದಡಿ ಚೂರು ಹುಡುಕಿ, ಒಂದೊಂದಾಗಿ ಕೈಯಿಂದ ಜೋಡಿಸುತ್ತಾರೆ. ಲಕ್ಷಗಟ್ಟಲೆ ಚಿಪ್ ತಯಾರಿಸುವ ದಾರಿ ಅದಲ್ಲ. ಎರಡನೆಯದು ಇನ್ನೂ ಕಠಿಣ. ಸ್ಪಿನ್ ಕೆಡದಂತೆ ಸಾಗಿಸಿದರೆ ಸಾಲದು, ನಡುದಾರಿಯಲ್ಲಿ ಬೇಕೆಂದಾಗ ಅದನ್ನು ತಿರುಗಿಸಲೂ ಬೇಕು. ಕಾರ್ಬನ್ ಸ್ಪಿನ್ನನ್ನು ಮುಟ್ಟುವುದೇ ಇಲ್ಲ, ಹಾಗಾಗಿ ತಿರುಗಿಸಲು ಹಿಡಿಯೂ ಸಿಗುವುದಿಲ್ಲ. ಟಂಗ್‌ಸ್ಟನ್ ಹರಳು ಪಕ್ಕಕ್ಕೆ ಬಂದರೆ ಹಿಡಿ ಸಿಗುತ್ತದೆ, ಆದರೆ ಸ್ಪಿನ್ ಬೇಗ ಕೆಡುತ್ತದೆ. ಬಾರ್ಸಿಲೋನಾದ ತಂಡ 2018ರಲ್ಲಿ ತೋರಿಸಿದಂತೆ, ಟಂಗ್‌ಸ್ಟನ್ ಡೈಸಲ್ಫೈಡ್ ಮೇಲಿನ ಗ್ರ್ಯಾಫೀನ್‌ನಲ್ಲಿ ಹಾಳೆಗೆ ಲಂಬವಾಗಿ ನಿಂತ ಸ್ಪಿನ್, ಹಾಳೆಯಲ್ಲಿ ಮಲಗಿದ ಸ್ಪಿನ್‌ಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಬಾಳುತ್ತದೆ. ಈ ವ್ಯತ್ಯಾಸವನ್ನೇ ಸ್ವಿಚ್ ಮಾಡಿಕೊಳ್ಳಬಹುದೇ ಎಂದು ಈಗ ಹಲವರು ನೋಡುತ್ತಿದ್ದಾರೆ.

ನರಸಾಪುರದ ಕಾರ್ಖಾನೆ, ಮೊದಲು ವಿಸ್ಟ್ರಾನ್‌ನದಾಗಿದ್ದು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂದದ್ದು, ಫೋನ್ ಜೋಡಿಸುವ ಜಾಗ. ಚಿಪ್‌ಗಳು ಅಲ್ಲಿಗೆ ಹೊರಗಿನಿಂದ ಬರುತ್ತವೆ. ಆ ಚಿಪ್‌ಗಳಲ್ಲಿ ಇವತ್ತು ಗ್ರ್ಯಾಫೀನ್ ಸ್ಪಿನ್ ಇಲ್ಲ, ಹತ್ತಿರದ ವರ್ಷಗಳಲ್ಲಿ ಬರುವ ಸೂಚನೆಯೂ ನನಗೆ ಕಾಣುತ್ತಿಲ್ಲ. ಬರುವುದಾದರೆ ಮೊದಲು ಮೆಮೊರಿಯಲ್ಲೋ ಕಾಂತ ಸಂವೇದಕದಲ್ಲೋ ಬರಬಹುದು, ಲೆಕ್ಕ ಮಾಡುವ ಪ್ರೊಸೆಸರ್‌ನಲ್ಲಿ ಬಹಳ ತಡವಾಗಿ.